ನಾಲ್ಕು ಗೆರೆ, ಒಂಟಿ ಚುಕ್ಕಿ

ಹುಣಸೂರಿನ ಪೇಟೆಬೀದಿಯಲ್ಲಿ ಅಂಗಡಿ ನಂಜಣ್ಣನ ಹೆಂಡತಿ ಸುಂದ್ರಮ್ಮನ ಕೈ ಸುಮ್ಮನಿದ್ದದ್ದನ್ನು ಕಂಡವರಿಲ್ಲ. ಇದನ್ನು ಹೊಗಳಿಕೆ ಅಂದುಕೊಳ್ಳಬೇಡಿ, ಅದೊಂದು ಥರದ ಬಾಧೆ. ಅಕ್ಕಿ ಆರಿಸುವಾಗ ಆರಿಸುತ್ತಿತ್ತು, ಸರಿ. ಅಕ್ಕಿ ಮುಗಿದ ಮೇಲೂ ಬೆರಳು ಖಾಲಿ ಮೊರದಲ್ಲಿ ಓಡಾಡುತ್ತಿತ್ತು. ಮಾತಾಡಲು ಬಂದವರ ಸೆರಗಿನ ದಾರ ಕೀಳುತ್ತಿತ್ತು. ಕೂತ ಕಡೆ ನೆಲದ ಮೇಲೆ ಕಾಣದ ರಂಗೋಲಿ ಎಳೆಯುತ್ತಿತ್ತು.

"ನಿನ್ನ ಸೊಸೆ ಕೈಗೆ ಇರುವೆ ಹತ್ತಿದೆಯೇನೆ ಶಿವರುದ್ರಿ?" ಎಂದು ನೆರೆಯವರು ಕೇಳಿದರೆ ಅತ್ತೆ ಶಿವರುದ್ರಮ್ಮ, "ಇರುವೆಯಾದ್ರೆ ಬೆಲ್ಲ ಮುಗಿದ ಮೇಲೆ ಹೋಗ್ತದೆ ಕಣೆ. ಇದು ಬೆಟ್ಟದಪುರದಿಂದ ಬಳುವಳಿ ಬಂದದ್ದು" ಅನ್ನುತ್ತಿದ್ದರು.

ಬೆಟ್ಟದಪುರ ಸುಂದ್ರಮ್ಮನ ತವರು. ಬೆಟ್ಟದ ಬುಡದ ಆ ಮನೆಯಲ್ಲಿ ಅಜ್ಜಿಯೊಬ್ಬಳಿದ್ದಳು. ಚುಕ್ಕಿ ರಂಗೋಲಿಯಲ್ಲಿ ಅವಳನ್ನು ಮೀರಿಸಿದವರಿಲ್ಲ. ಅವಳು ಮೊಮ್ಮಗಳಿಗೆ ಮೂರು ಕಟ್ಟಳೆ ಕಲಿಸಿದ್ದಳು. ಎಡಗಡೆ ಚುಕ್ಕಿ ಇಟ್ಟರೆ ಬಲಗಡೆಗೂ ಇಡಬೇಕು, ಇಲ್ಲದಿದ್ದರೆ ಮನೆ ಒಂದು ಕಡೆಗೆ ವಾಲುತ್ತದೆ. ಚುಕ್ಕಿಯನ್ನು ಒಂಟಿಯಾಗಿ ಬಿಡಬಾರದು. ಇನ್ನು ಮೂರನೆಯದು ಎಲ್ಲಕ್ಕಿಂತ ದೊಡ್ಡದು: ಎಳೆ ಅರ್ಧಕ್ಕೆ ಬಿಟ್ಟು ಏಳಬಾರದು. ಎದ್ದರೆ ಅವತ್ತೆಲ್ಲ ಆ ಮನೆಯಲ್ಲಿ ಯಾರಿಗೂ ನೆಮ್ಮದಿ ಇರುವುದಿಲ್ಲ. ಒಲೆಯ ಮೇಲೆ ಹಾಲು ಉಕ್ಕಿ ಬೂದಿಗೆ ಬೀಳುತ್ತಿದ್ದರೂ ಅಜ್ಜಿ ಎಳೆ ಕೂಡಿಸಿಯೇ ಏಳುತ್ತಿದ್ದಳು. ಸುಂದ್ರಮ್ಮ ಹುಣಸೂರಿಗೆ ಸೊಸೆಯಾಗಿ ಬಂದು ಹದಿನೆಂಟು ವರ್ಷವಾಗಿತ್ತು, ಮೂರು ಮಕ್ಕಳು ಸ್ಕೂಲಿಗೆ ಹೋಗುತ್ತಿದ್ದವು. ಆದರೂ ಅರ್ಧಕ್ಕೆ ನಿಂತದ್ದು ಏನೇ ಕಂಡರೂ ಅವಳಿಗೆ ಮೈಯೆಲ್ಲ ನವೆ ಎದ್ದ ಹಾಗೆ ಆಗುತ್ತಿತ್ತು.

ಸಾವಿರದೊಂಬೈನೂರ ಐವತ್ತಮೂರನೆಯ ಇಸವಿ. ಆನೆಚೌಕೂರಿನ ಆಚೆ, ಕೊಡಗಿನ ಅಂಚಿನ ಕಾಫಿ ತೋಟದ ಬಂಗಲೆಯ ದೊರೆ ತೋಟ ಮಾರಿಕೊಂಡು ಸೀಮೆಗೆ ಹೊರಟ. ಕುರ್ಚಿ ಮೇಜು ಯಾರ್‍ಯಾರ ಪಾಲಿಗೋ ಹೋದವು. ನಂಜಣ್ಣನ ಪಾಲಿಗೆ ಬಂದದ್ದು ಎರಡು ಗೋಣಿಚೀಲದ ತುಂಬ ಹಳೇ ಕಾಗದ. ಅಂಗಡಿಗೆ ಪೊಟ್ಟಣ ಬೇಕಲ್ಲ? ಮಧ್ಯಾಹ್ನ ಊಟವಾದ ಮೇಲೆ ಜಗಲಿಯಲ್ಲಿ ಕೂತು, ಹಾಳೆ ಹರಿದು, ಮೈದಾ ಅಂಟು ಸವರಿ ಪೊಟ್ಟಣ ಮಾಡುವುದು ಸುಂದ್ರಮ್ಮನ ಕೆಲಸ. ಆ ಕೈಗೆ ಹೇಳಿ ಮಾಡಿಸಿದ ಕೆಲಸ ಅದು.

ಆಗ ಮಾಘಮಾಸ. ವೀರನಹೊಸಹಳ್ಳಿಯ ಕೆಂಪಯ್ಯ ಮಗಳ ಮದುವೆಗೆ ನೂರು ಪೊಟ್ಟಣ ಅರಿಸಿನ ಕುಂಕುಮ ಕೇಳಿದ್ದ. ಮುತ್ತೈದೆಯರ ಕೈಗೆ ಹೋಗುವ ಪೊಟ್ಟಣ, ಹಳೇ ಪೇಪರಿನಲ್ಲಿ ಕಟ್ಟಿದರೆ ಆದೀತೆ? ಸುಂದ್ರಮ್ಮ ಚೀಲವನ್ನೆಲ್ಲ ಸುರಿದು, ಕೈಗೆ ನುಣುಪಾಗಿ ಹತ್ತಿದ ದಪ್ಪ ಕಾಗದ ಆರಿಸಿದಳು. ತೆಳ್ಳನೆಯ ನಾಲ್ಕು ಪುಸ್ತಕ. ಪ್ರತಿಯೊಂದರ ಮೇಲೂ ಒಬ್ಬೊಬ್ಬ ದೊರೆಸಾನಿಯ ಚಿತ್ರ. ಕೊರಳಿಗೆ ಹೂವಿನ ಹಾರ ಹಾಕಿಕೊಂಡು, ತಂಬೂರಿಯ ಮರಿಯೊಂದನ್ನು ಎಳೇ ಕೂಸಿನ ಹಾಗೆ ಎದೆಗೊತ್ತಿಕೊಂಡು ನಗುತ್ತಿದ್ದರು. ಕಣ್ಣು ಬೀದಿಯ ಮೇಲೆ, ಕೈ ಹಾಳೆಯ ಮೇಲೆ. ಪುಸ್ತಕವನ್ನು ಹಿಂದಿನಿಂದ ಹರಿಯುವುದು ಅವಳ ರೂಢಿ. ಹಾಳೆಗೆ ನಾಲ್ಕು ಪೊಟ್ಟಣದ ಲೆಕ್ಕದಲ್ಲಿ ಮೂರು ಪುಸ್ತಕ ಮುಗಿದವು. ನಾಲ್ಕನೆಯದರಲ್ಲಿ ಹಿಂದಿನ ಐದಾರು ಹಾಳೆ ಹರಿಯುವಷ್ಟರಲ್ಲಿ ನೂರು ತುಂಬಿತು.

ಕೈ ನಿಂತಿತು. ಆಗ ಕಣ್ಣು ಹಾಳೆಯ ಮೇಲೆ ಬಿತ್ತು.

ಏನಿದೆ ಅಲ್ಲಿ? ಚೌಕದ ಮನೆ. ಮನೆಯೊಳಗೆ ಉದ್ದಕ್ಕೆ ನಾಲ್ಕು ಗೆರೆ, ಅಡ್ಡಕ್ಕೆ ನಾಲ್ಕೈದು. ಅಲ್ಲಲ್ಲಿ ಕಪ್ಪು ಚುಕ್ಕಿ. ಒಂದು ಮನೆಯಲ್ಲಿ ಒಂದೇ ಚುಕ್ಕಿ, ಇನ್ನೊಂದರಲ್ಲಿ ಎರಡು, ಮತ್ತೊಂದರಲ್ಲಿ ಮೂರು. ಹಾಳೆ ತಿರುಗಿಸಿದರೆ ಸಾಲುಸಾಲು ಮನೆ.

"ಅಯ್ಯೋ ಶಿವನೇ," ಅಂದುಕೊಂಡಳು ಸುಂದ್ರಮ್ಮ, "ಇದು ದೊರೆಸಾನೀರ ರಂಗೋಲಿ ಪುಸ್ತಕ! ನಾನೇ ಹರಿದು ಹಾಕಿದೆನಲ್ಲ!"

ಉಳಿದದ್ದನ್ನು ಸೆರಗಿನಡಿ ಮುಚ್ಚಿಕೊಂಡು ಒಳಗೆ ಹೋಗಿ ಅಡುಗೆಮನೆಯ ಹಲಗೆಯ ಮೇಲಿಟ್ಟಳು. ಮಾರನೆಯ ಬೆಳಿಗ್ಗೆ ಬಾಗಿಲ ಮುಂದೆ ಸಾರಿಸಿ, ಪುಸ್ತಕದ ಮೊದಲನೇ ಮನೆ ಬರೆದಳು. ಬರೆದು ನೋಡಿದರೆ ಮೈ ಜುಮ್ಮೆಂದಿತು. ಬಲಗಡೆ ಕೆಳಗೆ ಒಂದೇ ಒಂದು ಚುಕ್ಕಿ, ಉಳಿದದ್ದೆಲ್ಲ ಖಾಲಿ. ಇದೆಂಥ ರಂಗೋಲಿ? ದೊರೆಸಾನಿಯರಿಗೆ ಅಜ್ಜಿ ಇರಲಿಲ್ಲವೇನೋ, ಪಾಪ. ಸುಂದ್ರಮ್ಮ ಎಡಕ್ಕೊಂದು, ಮೇಲೆರಡು ಚುಕ್ಕಿ ಇಟ್ಟು, ಸುತ್ತ ಬಳ್ಳಿ ಕೂಡಿಸಿ ಎದ್ದಳು.

ಶಿವರುದ್ರಮ್ಮ ಚೊಂಬು ಹಿಡಿದು ಹೊರಗೆ ಬಂದವರು ನಿಂತುಬಿಟ್ಟರು. "ಇದೇನೇ ಇದು, ಬಾಗಿಲ ಮುಂದೆ ಜೈಲಿನ ಕಿಟಕಿ ಬರೆದಿದ್ದೀಯ?"

"ಸೀಮೆ ರಂಗೋಲಿ ಅತ್ತೆ."

"ಸೀಮೆಯೋರು ದೇಶ ಬಿಟ್ಟು ಹೋಗಿ ಆರು ವರ್ಷ ಆಯ್ತು. ಅವರ ಕಿಟಕಿ ನಮ್ಮನೆ ಮುಂದೆ ಯಾಕೆ?"

ಬೈದರೂ ಅಳಿಸಲಿಲ್ಲ. ದಿನಕ್ಕೊಂದು ಮನೆ ಬೀಳುತ್ತಾ ಹೋಯಿತು. ಫಾಲ್ಗುಣ ಬಂತು. ಒಂದು ಬೆಳಿಗ್ಗೆ ಸುಂದ್ರಮ್ಮ ಮೂರು ಚುಕ್ಕಿಯ ಮನೆ ಬರೆದು, ಅದಕ್ಕೆ ತನ್ನ ನಾಲ್ಕು ಸೇರಿಸಿ ಏಳುವಷ್ಟರಲ್ಲಿ ಬೀದಿಯಲ್ಲಿ ಯಾರೋ ನಿಂತಿದ್ದರು. ನರೆತ ಮೀಸೆ, ತೊಳೆದು ತೊಳೆದು ಹಳದಿಯಾದ ಬಿಳಿ ಕೋಟು, ಕಾಲಿಗೆ ಜೋಡಿಲ್ಲ. ಆ ಮನುಷ್ಯ ರಂಗೋಲಿಯನ್ನು ನೋಡುತ್ತಾ ಎಡಗೈ ಬೆರಳನ್ನು ಗಾಳಿಯಲ್ಲಿ ಮಡಿಸಿ ಬಿಡಿಸಿ ಮಾಡುತ್ತಿದ್ದ.

"ತಪ್ಪು ತಿಳ್ಕಬ್ಯಾಡಿ ಅವ್ವಾ," ಅಂದ. "ಇದ್ನ ಬಾರ್ಸಕ್ಕೆ ಏಳು ಬೆಟ್ಟು ಬೇಕಾಯ್ತವೆ. ದೇವ್ರು ಕೊಟ್ಟಿರಾದು ಐದೇಯ. ಅದ್ರಾಗೂ ಎಬ್ಬೆಟ್ಟು ಹಿಂದ್ಗಡೆ ಹಿಡ್ಕಬೇಕು."

"ಬಾರಿಸೋದೇನು? ರಂಗೋಲಿ ಬಾರಿಸ್ತಾರಾ?"

"ರಂಗೋಲಿ ಅಲ್ಲ ಕಣವ್ವ. ಉಕುಲೇಲೆ ಅಂತ, ತಂತಿ ವಾದ್ಯ."

ಅವನ ಹೆಸರು ಚೆಲುವಯ್ಯ. ಆ ಕಾಫಿ ತೋಟದ ಬಂಗಲೆಯಲ್ಲಿ ಹನ್ನೊಂದು ವರ್ಷ ಬಟ್ಲರ್ ಆಗಿದ್ದವನು. ದೊರೆಸಾನಿ ದಿನಾ ಸಂಜೆ ಇದೇ ಪುಸ್ತಕವನ್ನು ಮುಂದೆ ತೆರೆದಿಟ್ಟುಕೊಂಡು ಕೂತರೆ, ಟೀ ತಟ್ಟೆ ಹಿಡಿದು ಅವಳ ಕುರ್ಚಿಯ ಹಿಂದೆ ನಿಲ್ಲುವುದು ಅವನ ಕೆಲಸ. ಓದು ಬರದವನು, ಆದರೆ ಹಾಳೆಯ ಚಿತ್ರವೆಲ್ಲ ಕಣ್ಣಲ್ಲಿ ಅಚ್ಚಾಗಿತ್ತು. ನಾಲ್ಕು ಗೆರೆ ಅಂದರೆ ನಾಲ್ಕು ತಂತಿ. ಅಡ್ಡಗೆರೆ ಅಂದರೆ ವಾದ್ಯದ ಕತ್ತಿನ ಮೇಲಿನ ಮೆಟ್ಟಿಲು. ಚುಕ್ಕಿ ಅಂದರೆ ಬೆರಳು ಒತ್ತುವ ಜಾಗ.

ಸುಂದ್ರಮ್ಮ ತನ್ನ ರಂಗೋಲಿ ನೋಡಿದಳು. ಇಪ್ಪತ್ತು ದಿನದಿಂದ ದೊರೆಸಾನಿಯ ತಪ್ಪು ತಿದ್ದುತ್ತಿದ್ದೇನೆ ಅಂದುಕೊಂಡವಳು ಹಾಡಿನ ಮೇಲೆಲ್ಲ ಸುಳ್ಳು ಚುಕ್ಕಿ ಚೆಲ್ಲಿದ್ದಳು. ಮುಖ ಕೆಂಪಗಾಯಿತು. ಆದರೆ ಕೈ, ಆ ಹಾಳು ಕೈ, ಆಗಲೇ ಸೆರಗಿನ ಅಂಚಿನ ಮೇಲೆ ಮೂರು ಬೆರಳು ಒತ್ತಿ ನೋಡುತ್ತಿತ್ತು.

"ಆ ಸಾಮಾನು ಈಗ ಎಲ್ಲಿದೆ?"

"ನನ್ನ ತಾವೇ ಅದೆ," ಅಂದ ಚೆಲುವಯ್ಯ. ದೊರೆಸಾನಿಯ ತಂಗಿ ವೈನಾಡಿನ ತೋಟದಲ್ಲಿದ್ದಳು. ಅವಳಿಗೆ ಕೊಡು, ಅಲ್ಲೇ ನಿನಗೂ ಕೆಲಸ ಕೊಡುತ್ತಾಳೆ ಎಂದು ವಾದ್ಯವನ್ನು ಇವನ ಕೈಲಿಟ್ಟು ದೊರೆಸಾನಿ ಹಡಗು ಹತ್ತಿದ್ದಳು. ಆ ತಂಗಿಯ ಕಾಗದ ಬರುವವರೆಗೆ, ಒಂದು ಹದಿನೈದು ದಿನ, ಚೆಲುವಯ್ಯ ಹುಣಸೂರಿನಲ್ಲಿ ಅಕ್ಕನ ಮನೆಯಲ್ಲಿರುತ್ತಾನೆ.

ಸಂಜೆ ಅದನ್ನು ಟವಲಿನಲ್ಲಿ ಸುತ್ತಿ ತಂದ. ಜಗಲಿ ಹತ್ತಲಿಲ್ಲ. ಆಗಿನ ಕಾಲ, ಅವನ ಕೇರಿಯವರು ಪೇಟೆಬೀದಿಯ ಜಗಲಿ ಹತ್ತುತ್ತಿರಲಿಲ್ಲ. ಅಂಗಡಿಯ ಹಲಗೆಯ ತುದಿಯಲ್ಲಿಟ್ಟು ಕೆಳಗೆ ನಿಂತ. ಸುಂದ್ರಮ್ಮ ನೋಡಿದಳು. ಸೋರೆಬುರುಡೆಯಷ್ಟೇ ದೊಡ್ಡದು, ನಡು ಸಣ್ಣ, ಜೇನಿನ ಬಣ್ಣ. ಎತ್ತಿಕೊಂಡರೆ ಗುಬ್ಬಿಯಷ್ಟು ಹಗುರ.

ಶಿವರುದ್ರಮ್ಮ ಬಾಗಿಲಿಂದಲೇ ಕೇಳಿದರು. "ಆ ತಂತಿ ಎಂಥದ್ದು?"

ಚೆಲುವಯ್ಯ ಸುಳ್ಳಾಡದ ಮನುಷ್ಯ. "ಕುರಿ ಕರುಳು ಕಣ್ರವ್ವ."

"ಶಿವಶಿವಾ! ಲಿಂಗ ಕಟ್ಟಿದ ಮನೇಲಿ ಕರುಳು ಮೀಟ್ತಾಳಂತೆ! ತೆಗಿ ಅದನ್ನ!"

ನಂಜಣ್ಣ ಒಳಗೆ ಬೆಲ್ಲ ತೂಗುತ್ತಿದ್ದವನು ತಲೆ ಎತ್ತಲಿಲ್ಲ. ಅವ್ವ ಹೆಂಡತಿ ನಡುವೆ ತಲೆ ಎತ್ತಬಾರದು ಎಂಬುದು ಅವನು ಕಲಿತ ಒಂದೇ ವಿದ್ಯೆ. ಸುಂದ್ರಮ್ಮನೇ ಹೇಳಿದಳು. "ದೇವಸ್ಥಾನದ ನಗಾರಿಗೆ ಬಿಗಿದಿರೋದು ಏನು ಅತ್ತೆ, ಬಾಳೆ ಎಲೆಯಾ? ನಿಮ್ಮ ಮದುವೆ ಸೀರೆಗೆ ಎಷ್ಟು ರೇಷ್ಮೆಹುಳ ಬೆಂದವೋ?"

"ಬಾಯಿ ನೋಡು ಬಾಯಿ! ಜಗಲಿಯಿಂದ ಒಳಕ್ಕೆ ಬಂತೋ, ಅದನ್ನೂ ನಿನ್ನನ್ನೂ ಲಕ್ಷ್ಮಣತೀರ್ಥ ಹೊಳೆಗೆ ಎಸೀತೀನಿ."

ಜಗಲಿಯವರೆಗೆ ಅಪ್ಪಣೆ ಸಿಕ್ಕಿತು ಅಂತ ಸುಂದ್ರಮ್ಮ ಅರ್ಥ ಮಾಡಿಕೊಂಡಳು.

ಅಂದಿನಿಂದ ಮಧ್ಯಾಹ್ನ ಮಧ್ಯಾಹ್ನ ಪಾಠ. ಮೇಲೆ ಜಗಲಿಯಲ್ಲಿ ಸುಂದ್ರಮ್ಮ, ಕೆಳಗೆ ಬೀದಿಯಲ್ಲಿ ಚೆಲುವಯ್ಯ. ತಾನು ನುಡಿಸಲು ಬರದ ಗುರು, ಇಂಗ್ಲಿಷ್ ಬರದ ಶಿಷ್ಯೆ. ತಂತಿ ಬಿಗಿಯುವುದನ್ನು ಅವನು ಕಿವಿಯಲ್ಲೇ ಹೇಳಿದ. ದೊರೆಸಾನಿ ದಿನಾ ಮೊದಲು ನಾಲ್ಕು ತಂತಿಯನ್ನೂ ಒಂದೊಂದೇ ಮೀಟುತ್ತಿದ್ದಳು. ಒಂದು ಸಣ್ಣ ದನಿ, ಆಮೇಲೆ ದಪ್ಪದ್ದು, ಆಮೇಲೆ ನಡುವಿನದು, ಕೊನೆಯದು ಎಲ್ಲಕ್ಕಿಂತ ಮೇಲೆ. ಯಾವುದೋ ಹಕ್ಕಿ ಕೂಗಿದ ಹಾಗೆ ಚೆಲುವಯ್ಯ ಅದನ್ನು ಕೂಗಿ ತೋರಿಸುತ್ತಿದ್ದ. ಸುಂದ್ರಮ್ಮ ಕತ್ತಿನ ತುದಿಯ ಬಿರಡೆ ತಿರುಗಿಸುತ್ತಿದ್ದಳು. "ಇನ್ನೊಂಚೂರು ಅವ್ವಾ, ಇನ್ನೊಂಚೂರು... ಹಾಂ, ಅದೇಯ, ಬುಡಿ!"

ಚೆಲುವಯ್ಯ ಬಲ್ಲ ಹಾಡು ಒಂದೇ. ದೊರೆಸಾನಿ ದಿನಾ ನುಡಿಸುತ್ತಿದ್ದದ್ದು. ಪುಸ್ತಕದಲ್ಲಿ ಆ ಹಾಡಿನ ಹಾಳೆಯ ಸುತ್ತ ಮಾತ್ರ ನೀರಿನ ಅಲೆಯ ಅಂಚು ಬಿಟ್ಟಿದ್ದರು. ಹಾಡಿಗೆ ಬೇಕಾದದ್ದು ಮೂರೇ ಥರದ ಮನೆ: ಒಂದು ಚುಕ್ಕಿಯದು, ಎರಡು ಚುಕ್ಕಿಯದು, ಮೂರು ಚುಕ್ಕಿಯದು. ಬೆರಳು ಮಡಿಸುವುದು ಸುಲಭ. ಯಾವುದಾದ ಮೇಲೆ ಯಾವುದು ಅನ್ನುವುದೇ ಕಷ್ಟ. ಚೆಲುವಯ್ಯ ಕೆಳಗಿನಿಂದ ರಾಗ ಗುನುಗುತ್ತಿದ್ದ, ಇವಳು ಮನೆ ಬದಲಾಯಿಸುತ್ತಾ ನಾಲ್ಕೂ ತಂತಿ ಸವರುತ್ತಿದ್ದಳು. ಐದು ದಿನಕ್ಕೆ ಬೆರಳ ತುದಿ ಅಂಟುವಾಳದ ಬೀಜದ ಹಾಗೆ ಗಟ್ಟಿಯಾಯಿತು. ಆರನೆಯ ದಿನ ಹಾಡು ನಿಲ್ಲದೆ ಹರಿದು, ಹಾಳೆಯ ಕೊನೆಗೆ ಬಂದು, ಮೂರು ಚುಕ್ಕಿಯ ಮನೆಯಲ್ಲಿ ನಿಂತಿತು.

"ಮುಂದೆ?" ಅಂದಳು ಸುಂದ್ರಮ್ಮ.

"ಮುಂದೆ ಗೊತ್ತಿಲ್ಲ ಕಣವ್ವ."

"ಗೊತ್ತಿಲ್ಲ ಅಂದ್ರೆ? ಹನ್ನೊಂದು ವರ್ಷ ಕೇಳಿದ್ದೀಯ."

"ಹನ್ನೊಂದು ವರ್ಷಾನೂ ಇಲ್ಗೇ ನಿಲ್ಸೋರು. ಹಾಳೆ ತಿರುವಬೇಕಲ್ಲ, ಆಗ ಕೈ ಬುಟ್ಟು 'ಚೆಲುವಯ್ಯ, ಟೀ' ಅನ್ನೋರು. ಆಮ್ಯಾಕೇನು ತಾಯಿ ಅಂತ ದೊರೆಸಾನಿಯ ಕೇಳಕ್ಕಾಯ್ತದಾ? ಟೀ ಬಗ್ಗಿಸಿ ಕೊಟ್ಟು ಅಡ್ಗೆಮನ್ಗೆ ಹೋಗಿ, ಪಾತ್ರೆ ಬೆಳಗ್ತಾ ನಾನೇ ಒಂದೊಂದ್ ದಿನ ಒಂದೊಂದ್ ತರ ಮುಗಿಸ್ಕಳಿವ್ನಿ. ಯಾವ್ದೂ ಕೂರ್ನಿಲ್ಲ. ಈಗ್ಲೂ ನಿದ್ದೇಲಿ ಎಚ್ಚರಾಯ್ತದೆ."

ಸುಂದ್ರಮ್ಮ ಹಾಳೆ ತಿರುವಿದಳು. ಅಲ್ಲಿ ಹಾಳೆ ಇರಲಿಲ್ಲ. ಹೊಲಿಗೆಯ ಅಂಚಿನಲ್ಲಿ ಹರಿದ ಕಾಗದದ ಹಲ್ಲು ಮಾತ್ರ ಇತ್ತು. ಹರಿದದ್ದು ಅವಳೇ.

ಎಳೆ ಅರ್ಧಕ್ಕೆ ಬಿಟ್ಟು ಎದ್ದರೆ ನೆಮ್ಮದಿ ಇಲ್ಲ ಎಂದು ಅಜ್ಜಿ ಹೇಳಿದ್ದು ಸುಳ್ಳಲ್ಲ. ಆ ಮೂರು ಚುಕ್ಕಿಯ ದನಿ ಗಂಟಲಲ್ಲಿ ಸಿಕ್ಕಿದ ಮೀನಿನ ಮುಳ್ಳಿನ ಹಾಗೆ ಎಂದು ಚೆಲುವಯ್ಯ ಹೇಳುತ್ತಿದ್ದ. ಮೀನು ತಿನ್ನದ ಸುಂದ್ರಮ್ಮನಿಗೂ ಅದು ಅರ್ಥವಾಯಿತು. ಮುದ್ದೆ ತೊಳಸುವಾಗ ಆ ದನಿ. ಮಗಳ ತಲೆ ಬಾಚುವಾಗ ಆ ದನಿ, ಮಗಳು "ಅವ್ವಾ, ನೋಯ್ತದೆ!" ಎಂದು ಕಿರುಚುವವರೆಗೆ. ಮನೆಯ ಹೊರಗೆ ಹೋಗಿ, ಏಕೆ ಬಂದೆ ಎಂದು ಮರೆತು, ಮತ್ತೆ ಒಳಗೆ ಬಂದು ನಿಲ್ಲುತ್ತಿದ್ದಳು.

ಅಷ್ಟರಲ್ಲಿ ತಂಗಿ ದೊರೆಸಾನಿಯ ಕಾಗದ ಬೇಗನೆ ಬಂತು. ಗುರುವಾರ ಬೆಳಿಗ್ಗೆ ವೈನಾಡಿಗೆ ಹೋಗುವ ಬಸ್ಸು ಹತ್ತಬೇಕು. ಚೆಲುವಯ್ಯ ಸುದ್ದಿ ಹೇಳಿದ್ದು ಸೋಮವಾರ.

ಸುಂದ್ರಮ್ಮನಿಗೆ ಗೊತ್ತಿತ್ತು, ಆ ಹಾಳೆ ನಾಲ್ಕು ಪೊಟ್ಟಣವಾಗಿ ವೀರನಹೊಸಹಳ್ಳಿಯ ಮದುವೆಗೆ ಹೋಗಿದೆ. ಮದುವೆಯ ಕುಂಕುಮದ ಪೊಟ್ಟಣವನ್ನು ಯಾವ ಮುತ್ತೈದೆಯೂ ಎಸೆಯುವುದಿಲ್ಲ. ದೇವರ ಪಟದ ಹಿಂದೆಯೋ, ಸೀರೆಯ ಪೆಟ್ಟಿಗೆಯಲ್ಲೋ ಇಟ್ಟಿರುತ್ತಾಳೆ. ಮಂಗಳವಾರ ನಂಜಣ್ಣ ಸೀಗೆಕಾಯಿ ತರಲು ಅದೇ ಕಡೆಗೆ ಗಾಡಿ ಕಟ್ಟುತ್ತಿದ್ದ.

"ನಾನೂ ಬರ್ತೀನಿ," ಅಂದಳು.

"ಸೀಗೆಕಾಯಿಗೆ ನೀನ್ಯಾಕೆ?"

"ನಾನು ಬರದೆ ಮನೇಲೇ ಇದ್ರೆ ನಿಮ್ಮವ್ವನಿಗೂ ನನಗೂ ಈ ಎರಡು ದಿನದಲ್ಲಿ ಏನಾಗ್ತದೋ ನೋಡ್ಕೊಳ್ಳಿ."

ನಂಜಣ್ಣ ಗಾಡಿಗೆ ಇನ್ನೊಂದು ಹಿಡಿ ಹುಲ್ಲು ಹಾಸಿದ.

ಬಿಸಿಲೇರುವ ಹೊತ್ತಿಗೆ ಕೆಂಪಯ್ಯನ ಮನೆ ಮುಟ್ಟಿದರು. ಹಿಂದೆ ಕಾಡು ಎಲೆಯುದುರಿ ಬರಿದಾಗಿ ನಿಂತಿತ್ತು, ಮುತ್ತುಗ ಮಾತ್ರ ಕೆಂಡದ ಹಾಗೆ ಅರಳಿತ್ತು. ಕೆಂಪಯ್ಯನ ಹೆಂಡತಿ ಪುಟ್ಟತಾಯಮ್ಮ ಮಜ್ಜಿಗೆ ತಂದು ಕೊಟ್ಟಳು. ಸುಂದ್ರಮ್ಮ ಲೋಟ ಕೆಳಗಿಡುವ ಮೊದಲೇ ಬಾಯಿಬಿಟ್ಟಳು. "ಪುಟ್ಟತಾಯಕ್ಕ, ಮದುವೆಗೆ ಕೊಟ್ಟಿದ್ದ ಕುಂಕುಮದ ಪೊಟ್ಟಣ ನನಗೆ ವಾಪಸ್ ಬೇಕಿತ್ತು."

ಪುಟ್ಟತಾಯಮ್ಮನ ಮುಖದ ರಕ್ತ ಇಳಿಯಿತು. ಕೈ ತಾನಾಗಿ ಕೊರಳ ತಾಳಿಗೆ ಹೋಯಿತು. "ಏನಂದ್ರಿ? ಕೊಟ್ಟ ಕುಂಕುಮವ ಮುತ್ತೈದೆ ಕೈಯಿಂದ ವಾಪಸ್ ಕೇಳ್ತಾರಾ? ನಾವೇನು ಕೇಡು ಮಾಡಿದ್ವಿ ನಿಮ್ಗೆ?"

ಆಗ ತಾನೇನು ಅಂದೆನೆಂದು ಸುಂದ್ರಮ್ಮನಿಗೆ ಹೊಳೆಯಿತು. ಹಾಡಿನ ಹುಚ್ಚಿನಲ್ಲಿ ಕುಂಕುಮ ಅನ್ನುವುದೇ ಮರೆತುಹೋಗಿತ್ತು. ಎದ್ದು ಪುಟ್ಟತಾಯಮ್ಮನ ಎರಡೂ ಕೈ ಹಿಡಿದುಕೊಂಡಳು. "ಅಯ್ಯೋ, ನನ್ನ ನಾಲಿಗೆ ಬಿದ್ದುಹೋಗ. ಕುಂಕುಮ ಬೇಡ ಕಣಕ್ಕ. ಪೊಟ್ಟಣಾನೂ ಬೇಡ. ಮುಟ್ಟೋದೂ ಇಲ್ಲ. ನಿಮ್ಮ ಕೈಲೇ ಇರಲಿ, ನಾನು ಬರೀ ನೋಡ್ತೀನಿ. ಕಾಗದದ ಮೇಲೆ ಚುಕ್ಕಿ ಅವೆ, ಅಷ್ಟೇ." ಹಾಗೆಂದು ಪುಸ್ತಕದಿಂದ ಹಿಡಿದು ಗುರುವಾರದ ಬಸ್ಸಿನವರೆಗೆ ಎಲ್ಲ ಕಥೆಯನ್ನೂ ಹೇಳಿದಳು.

ಕಥೆ ಅಂದರೆ ಸಾಕು, ಹಳ್ಳಿ ಸೇರುತ್ತದೆ. ಗಳಿಗೆಯಲ್ಲಿ ಅಂಗಳದ ತುಂಬ ಹೆಂಗಸರು, ಒಬ್ಬೊಬ್ಬರ ಅಂಗೈಯಲ್ಲಿ ಒಂದೊಂದು ಪೊಟ್ಟಣ. ಚುಕ್ಕಿ ಇರುವುದು ಕಾಗದದ ಹೊರಮೈಯಲ್ಲಿ, ಕುಂಕುಮ ಇನ್ನೂ ಒಳಗಿದೆ. ಬಿಡಿಸಿದ ಪೊಟ್ಟಣದ ಎರಡು ತುದಿಯನ್ನೂ ಚೆಲ್ಲದ ಹಾಗೆ ಎತ್ತಿ ಹಿಡಿದರು, ಸುಂದ್ರಮ್ಮ ಕೆಳಗೆ ಬಗ್ಗಿ ಕತ್ತು ತಿರುಗಿಸಿ ನೋಡುತ್ತಾ ಹೋದಳು.

"ಸಂಜೀವಿನಿ ಹೊತ್ತ ಹನುಮಪ್ಪನಂಗೆ ನಿಂತೀವಲ್ರೇ," ಎಂದಳೊಬ್ಬಳು.

"ನಗಿಸ್ಬ್ಯಾಡ ಕಣೆ, ಚೆಲ್ತದೆ!"

ಅಲೆಯ ಅಂಚಿನ ಕಾಗದ ಮೊದಲು ಸಿಕ್ಕಿದ್ದು ಪುಟ್ಟತಾಯಮ್ಮನ ಕೈಯಲ್ಲೇ. ನಾಲ್ಕು ಮನೆ. ಸುಂದ್ರಮ್ಮ ಅಲ್ಲೇ ಕೂತು ಅಂಗಳದಲ್ಲಿ ರಂಗೋಲಿ ಪುಡಿ ಹಿಡಿದು ಅವನ್ನು ಬರೆದಳು. ಒಂದು ಸಲ ಎಳೆದ ರಂಗೋಲಿ ಅವಳಿಗೆ ಮರೆಯುವುದಿಲ್ಲ, ಕಾಗದ ಪೆನ್ಸಿಲು ಬೇಕಿಲ್ಲ. ಬರೆಯುವಾಗ ಎಡಕ್ಕೊಂದು ಚುಕ್ಕಿ ಸೇರಿಸಲು ಬೆರಳು ತವಕಿಸಿತು. ಹಲ್ಲು ಕಚ್ಚಿ ತಡೆದಳು. "ಇದೇನಕ್ಕ, ಒಂದ್ಕಡೆ ಬೋಳು?" ಎಂದು ಹೆಂಗಸರು ಕೇಳಿದರೆ, "ಬೋಳಾಗೇ ಇರಬೇಕಂತೆ," ಅಂದಳು. ನಾಲ್ಕು ನಾಲ್ಕು ಮನೆಯ ಇನ್ನೆರಡು ತುಂಡು ಸಾಲಿನ ನಡುವೆ ಸಿಕ್ಕವು. ನಾಲ್ಕನೆಯದು, ಹಾಳೆಯ ಬಲಗಡೆಯ ಕೆಳಮೂಲೆ, ಹಾಡಿನ ಕೊನೆ ಇರುವ ತುಂಡು, ಯಾರ ಕೈಯಲ್ಲೂ ಇರಲಿಲ್ಲ.

"ಮರಮ್ಮ ಬಂದಿಲ್ಲ," ಅಂದಳು ಪುಟ್ಟತಾಯಮ್ಮ. "ನಮ್ಮೂರ ಸೂಲಗಿತ್ತಿ. ಅವಳ್ಗೂ ಕೊಟ್ಟಿದ್ದೆ."

ಊರ ಕೊನೆಯ ಗುಡಿಸಲಿಗೆ ಸುಂದ್ರಮ್ಮ ಓಡಿದಳು ಅಂತಲೇ ಅನ್ನಬೇಕು. ಮರಮ್ಮ ಹೊಸ್ತಿಲಲ್ಲಿ ಕೂತು ಎಲೆಅಡಿಕೆ ಹಾಕುತ್ತಿದ್ದಳು. ಗೋಡೆಯ ಗೂಡಿನಿಂದ ಪೊಟ್ಟಣ ತೆಗೆದಳು. ತಗ್ಗಿ ನೋಡಿದರೆ ಅಲೆಯ ಅಂಚು! ಒಂದನೇ ಮನೆ ಇದೆ, ಎರಡನೆಯದಿದೆ, ಮೂರನೆಯದಿದೆ. ಮೂರನೆಯದರಲ್ಲಿ ಮೂರು ಚುಕ್ಕಿ. ನಾಲ್ಕನೆಯದು ಇರಬೇಕಾದ ಮೂಲೆಯಲ್ಲಿ ಕಾಗದವೇ ಇಲ್ಲ.

"ಗೆದ್ಲು ಕಣವ್ವಾ," ಅಂದಳು ಮರಮ್ಮ. "ನೋಡು, ಕುಂಕುಮ ಒಂಚೂರೂ ಮುಟ್ಟಿಲ್ಲ. ಕಾಗ್ದ ತಿಂದವೆ. ಅವ್ಕೂ ಭಯಭಕ್ತಿ ಅದೆ."

ಹುಣಸೂರಿಗೆ ವಾಪಸ್ ಬರುವಾಗ ಗಾಡಿಯಲ್ಲಿ ಸೀಗೆಕಾಯಿ ಘಾಟಿಗೆ ನಂಜಣ್ಣ ಸೀನುತ್ತಿದ್ದ. ಸುಂದ್ರಮ್ಮ ಪಕ್ಕದಲ್ಲಿ ಕೂತು ಬೆರಳು ಮಡಿಸಿ ಮನೆ ಎಣಿಸುತ್ತಿದ್ದಳು. ಹದಿನೈದು ಮನೆ ಬೆರಳಲ್ಲಿದ್ದವು. ಹದಿನಾರನೆಯದು ಗೆದ್ದಲಿನ ಹೊಟ್ಟೆಯಲ್ಲಿತ್ತು.

ಬುಧವಾರ ಸಂಜೆ ಅವಳು ಯೋಚಿಸಿದ್ದು ಹೀಗೆ. ರಂಗೋಲಿ ಮುಗಿಯುವುದು ಹೇಗೆ? ಕೊನೆಯಲ್ಲಿ ಬಳ್ಳಿ, ಹೂವು, ಮೂಲೆಗೊಂದು ಶಂಖ. ಎಲ್ಲಕ್ಕಿಂತ ತುಂಬಿದ್ದು ಕೊನೆಯಲ್ಲೇ ಬರಬೇಕು. ಹಾಗಾದರೆ ಕೊನೆಯ ಮನೆಯಲ್ಲಿ ನಾಲ್ಕು ಚುಕ್ಕಿ ಇದ್ದೇ ಇರುತ್ತದೆ, ನಾಲ್ಕು ತಂತಿಗೂ ನಾಲ್ಕು ಬೆರಳು. ಜಗಲಿಯಲ್ಲಿ ಕೂತು ಬೆಳಕಿರುವವರೆಗೂ ಒತ್ತಿ ಒತ್ತಿ ನೋಡಿದಳು. ಒಂದೊಂದು ಒತ್ತಿಗೂ ಒಂದೊಂದು ಕೊಡ ಉರುಳಿದ ಸದ್ದು. ಬೆರಳ ತುದಿ ಬಿರಿಯಿತು.

ಗುರುವಾರ ಬೆಳಿಗ್ಗೆ ಚೆಲುವಯ್ಯ ಬಂದ. ಅದೇ ಬಿಳಿ ಕೋಟು, ತಲೆಗೆ ಹೊಸ ಪೇಟ, ಬಗಲಲ್ಲಿ ಗಂಟು. "ಬಸ್ಸಿಗೆ ಇನ್ನೂ ಒಂಚೂರು ಹೊತ್ತದೆ ಅವ್ವಾ. ಸಿಕ್ತಾ?"

"ಕೂತ್ಕೋ," ಅಂದಳು ಸುಂದ್ರಮ್ಮ. ಅವನು ಕೂರಲಿಲ್ಲ. ಎಲ್ಲಿ ಕೂರುತ್ತಾನೆ?

ನುಡಿಸಿದಳು. ಚೆಲುವಯ್ಯ ಗುನುಗಿದ. ಹಾಳೆಯ ಕೊನೆ ಬಂತು, ಮೂರು ಚುಕ್ಕಿಯ ಮನೆ ಬಂತು. ಹನ್ನೊಂದು ವರ್ಷ ಹಾಡು ನಿಂತ ಜಾಗ. ಚೆಲುವಯ್ಯನ ಗುನುಗು ಅಭ್ಯಾಸ ಬಲದಿಂದ ನಿಂತಿತು. ಸುಂದ್ರಮ್ಮನ ಕೈ ನಿಲ್ಲಲಿಲ್ಲ. ಪುಟ್ಟತಾಯಮ್ಮನ ಅಂಗಳ ದಾಟಿತು. ಎರಡು ಚುಕ್ಕಿ, ಒಂದು ಚುಕ್ಕಿ, ಮತ್ತೆ ಎರಡು. ಚೆಲುವಯ್ಯ ಬಾಯಿ ತೆರೆದವನು ಮುಚ್ಚಲು ಮರೆತ. ಕೈಯಲ್ಲಿ ಟೀ ತಟ್ಟೆ ಇದ್ದ ಹಾಗೆ ಎರಡೂ ಅಂಗೈ ಮುಂದೆ ಹಿಡಿದು ನಿಂತಿದ್ದ. ಹಾಡು ಮರಮ್ಮನ ಹೊಸ್ತಿಲಿಗೆ ಬಂತು. ಎರಡು, ಒಂದು, ಮೂರು ಚುಕ್ಕಿ.

ನಿಂತಿತು.

ಸುಂದ್ರಮ್ಮ ನಾಲ್ಕು ಬೆರಳು ಒತ್ತಿ ಸವರಿದಳು. ಕೊಡ ಉರುಳಿತು. ಮತ್ತೆ ಮೂರು ಚುಕ್ಕಿಗೆ ಹೋಗಿ, ಇನ್ನೊಂದು ಥರ ಒತ್ತಿದಳು. ಪಾತ್ರೆ ಬಿತ್ತು. ಎರಡು ಚುಕ್ಕಿಯನ್ನೂ ನೋಡಿದಳು, ಅದು ಇನ್ನೂ ಎತ್ತಲೋ ಹೊರಟುಹೋಯಿತು. ಮತ್ತೆ ಮೂರು ಚುಕ್ಕಿ. ಬಸ್ ಸ್ಟ್ಯಾಂಡಿನ ಕಡೆಯಿಂದ ಹಾರನ್ ಕೇಳಿತು. ಬಸ್ಸಿನವನು ಹೊರಡುವ ಮೊದಲು ಮೂರು ಸಲ ಒತ್ತುತ್ತಿದ್ದ. ಇದು ಮೊದಲನೆಯದು.

ಚೆಲುವಯ್ಯ ಟವಲು ಬಿಚ್ಚಿದ. "ಇರ್‍ಲಿ ಬುಡಿ ಅವ್ವಾ. ದೊರೆಸಾನಿಗಿಂತ ಎಷ್ಟೋ ಮುಂದ್ಕೆ ಬಂದಿದೀರಿ."

"ಬರಲಿಲ್ಲ ಕಣಯ್ಯ. ಇನ್ನೂ ಬೀದೀಲೇ ಇದ್ದೀನಿ!" ಸುಂದ್ರಮ್ಮನ ಕಣ್ಣಲ್ಲಿ ನೀರು. ಮತ್ತೆ ಸವರಿದಳು, ಅದೇ ಮೂರು ಚುಕ್ಕಿ.

ಒಳಗಿನಿಂದ ಶಿವರುದ್ರಮ್ಮ ಗುಡುಗುತ್ತಾ ಬಂದರು, ಕೈಯಲ್ಲಿ ಮುದ್ದೆಯ ಕೋಲು. ಇಷ್ಟು ದಿನದ ಕೋಪ ಒಟ್ಟಿಗೆ ಬಂದಿತ್ತು. "ಅದೇನೇ ಅದು, ಸೀನು ಬಂದು ಮೂಗಲ್ಲೇ ನಿಂತ ಹಾಗೆ! ದಿನಾ ಅಲ್ಲಿಗೇ ತಂದು ನಿಲ್ಲಿಸ್ತೀಯ, ನನಗೆ ಉಂಡ ಅನ್ನ ಇಳೀತಿಲ್ಲ. ಅಲ್ಲೇ ಎಷ್ಟೂಂತ ಚುಕ್ಕಿ ಗುಡ್ಡೆ ಹಾಕ್ತೀಯೆ? ಕೈ ಬಿಟ್ಟು ಮನೆಗೆ ಬಾರೇ ಅತ್ಲಾಗೆ!"

ಅತ್ತೆ ಕರೆದದ್ದು ಒಳಗೆ, ಒಲೆಯ ಹತ್ತಿರಕ್ಕೆ. ಎರಡನೇ ಹಾರನ್ ಆಯಿತು. ಬೈಗುಳ ಕೇಳಿದ ಸೊಸೆಯ ಕೈ ಹೆದರಿ ತಂತಿ ಬಿಟ್ಟಿತು. ಬಿಟ್ಟ ಕೈ ಯಾವತ್ತಿನ ಹಾಗೆ ಸುಮ್ಮನಿರಲಾರದೆ, ಬಾಗಿಲ ಮುಂದೆ ಮೊದಲ ದಿನ ಬರೆದು ತಿದ್ದಿದ ಮನೆಯ ಜಾಗಕ್ಕೆ ಹೋಯಿತು. ಕೊನೆಯ ತಂತಿ, ಮೂರನೇ ಮೆಟ್ಟಿಲು, ಒಂದೇ ಬೆರಳು. ಪುಸ್ತಕದಲ್ಲೆಲ್ಲ ಅತಿ ಬೋಳಾದ ಮನೆ. ಬಲಗೈ ಸವರಿತು.

ಹಾಡು ಬಂದು ಕೂತಿತು.

ದಣಿದವರು ಜಗಲಿಯ ಮೇಲೆ ಉಸ್ಸೆಂದು ಕೂತ ಹಾಗೆ ಕೂತಿತು. ಚೆಲುವಯ್ಯನ ಗಂಟಲಿಂದ ತಾನಾಗಿ ಒಂದು ಸ್ವರ ಹೊರಟು ಅದರ ಪಕ್ಕದಲ್ಲೇ ಇಳಿಯಿತು. ಹನ್ನೊಂದು ವರ್ಷದಲ್ಲಿ ಅವನು ಪಾತ್ರೆ ಬೆಳಗುತ್ತಾ ಹುಡುಕಿದ್ದು ಅದೇ. ಶಿವರುದ್ರಮ್ಮ ಮುದ್ದೆಯ ಕೋಲು ಕೆಳಗಿಳಿಸಿದರು. ತಂತಿಯ ದನಿ ಮೆಲ್ಲಗೆ ಅಡಗಿತು. ಸುಂದ್ರಮ್ಮನ ಎರಡು ಕೈಯೂ ತೊಡೆಯ ಮೇಲೆ, ಸುಮ್ಮನೆ, ಬಿದ್ದಿದ್ದವು. ಅವು ಹಾಗೆ ಇದ್ದದ್ದನ್ನು ನೋಡಿದವರು ಆ ಇಬ್ಬರೇ.

"ಒಂದೇ ಚುಕ್ಕಿ," ಅಂದಳು.

"ಒಂದೇಯ," ಅಂದ ಚೆಲುವಯ್ಯ. ಪೇಟದ ತುದಿಯಲ್ಲಿ ಕಣ್ಣೊರೆಸಿಕೊಂಡ. "ನೋಡಿ, ಒಂದು ಬೆಟ್ಟಿಗೆ ಆಗೋ ಕೆಲ್ಸ. ದೊರೆಸಾನಿ ಹಾಳೆ ತಿರುವ್ನಿಲ್ಲ."

ಅವಳು ವಾದ್ಯವನ್ನು ತಾನೇ ಟವಲಿನಲ್ಲಿ ಸುತ್ತಿ ಕೊಟ್ಟಳು. ಹಲಗೆಯ ಮೇಲಿಡಲಿಲ್ಲ, ಕೈಯಿಂದ ಕೈಗೇ ಕೊಟ್ಟಳು. ಅತ್ತೆ ನೋಡಿಯೂ ನೋಡದವರ ಹಾಗೆ ಒಳಗೆ ಹೋದರು. ಪುಸ್ತಕವನ್ನೂ ಮೇಲಿಟ್ಟಳು. "ಆ ತಂಗಿಯಮ್ಮನಿಗೆ ಹೇಳು, ಕೊನೇ ಮನೆ ಒಂದು ಚುಕ್ಕೀದು ಅಂತ. ಮರೀಬೇಡ."

"ಮರ್‍ಯಾದುಂಟಾ," ಎಂದು ಚೆಲುವಯ್ಯ ಓಡಿದ. ಮೂರನೇ ಹಾರನ್ ಆಯಿತು.

ಸುಂದ್ರಮ್ಮ ಮತ್ತೆ ಯಾವ ತಂತಿಯನ್ನೂ ಮುಟ್ಟಲಿಲ್ಲ, ಸಿಗಲೂ ಇಲ್ಲ. ಕೈ ಸುಮ್ಮನಾಯಿತೆ ಅಂದರೆ, ಎಲ್ಲಿ ಬಂತು! ಅದೇ ಸಂಜೆ ಖಾಲಿ ಮೊರದ ಮೇಲೆ ಓಡಾಡುತ್ತಿತ್ತು. ಈಗ ಮಾತ್ರ ಓಡಾಟಕ್ಕೊಂದು ಲೆಕ್ಕವಿತ್ತು: ಎರಡು, ಒಂದು, ಮೂರು, ಆಮೇಲೆ ಒಂದು.

ಶುಕ್ರವಾರ ಬೆಳಿಗ್ಗೆ ಬಾಗಿಲ ಮುಂದೆ ಸಾರಿಸಿ ಒಂದೇ ಮನೆ ಬರೆದಳು. ನಾಲ್ಕು ಗೆರೆ, ಬಲಗಡೆ ಕೆಳಗೊಂದು ಚುಕ್ಕಿ. ಏನೂ ಸೇರಿಸದೆ ಎದ್ದಳು. ಶಿವರುದ್ರಮ್ಮ ಚೊಂಬು ಹಿಡಿದು ಬಂದು ಬಹಳ ಹೊತ್ತು ನೋಡಿದರು. ಪುಡಿಯ ಬಟ್ಟಲಿಗೆ ಎರಡು ಬೆರಳು ಹಾಕಿ ಎಡಗಡೆಗೆ ಬಗ್ಗಿದರು. ಬಗ್ಗಿದವರು ಹಾಗೇ ನಿಂತು, ಬೆರಳ ಪುಡಿಯನ್ನು ಬಟ್ಟಲಿಗೇ ಉದುರಿಸಿದರು.

"ಕೂಸಿನ ಕೆನ್ನೆಗೆ ದೃಷ್ಟಿಬೊಟ್ಟು ಇಟ್ಟ ಹಾಗಿದೆ," ಅಂದರು. "ಇರಲಿ ಬಿಡು."